ನಲವತ್ತು ತಾರಸಿ ಹತ್ತಿದ ಟ್ಯಾಂಕು

ಪೀಣ್ಯ ಎರಡನೇ ಹಂತದ ಆ ಸೋಲಾರ್ ಕಾರ್ಖಾನೆಯಲ್ಲಿ ಮುನಿಯಕ್ಕನ ಕಣ್ಣು ತಪ್ಪಿಸಿ ಒಂದು ಗುಳ್ಳೆ ಮೇಲೆ ಬರುವುದೂ ಕಷ್ಟವಿತ್ತು. ಸ್ನಾನದ ನೀರು ಕಾಯಿಸುವ ಟ್ಯಾಂಕು ಬೆಸುಗೆಯಾಗಿ ಬಂದ ಮೇಲೆ ಅದರೊಳಗೆ ಗಾಳಿ ತುಂಬಿ ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಬೆಸುಗೆ ಎಲ್ಲಾದರೂ ಬಾಯಿಬಿಟ್ಟಿದ್ದರೆ ಅಲ್ಲಿಂದ ಗುಳ್ಳೆ ಏಳುತ್ತದೆ. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದರೂ ಸಾಕು, ಮುನಿಯಕ್ಕ ಕೆಂಪು ಸೀಮೆಸುಣ್ಣದಲ್ಲಿ ಅಡ್ಡಗೀಟು ಎಳೆದು ಟ್ಯಾಂಕನ್ನು ವಾಪಸ್ ತಳ್ಳುತ್ತಿದ್ದಳು.

"ಅಕ್ಕಾ, ಅದು ಟ್ಯಾಂಕಿಂದ ಬಂದಿದ್ದಲ್ಲ ಕಣಕ್ಕಾ, ನೀರಿನ ಗುಳ್ಳೆ," ಅಂತ ವೆಲ್ಡರ್ ನರೇಶ ವಾದಕ್ಕೆ ನಿಲ್ಲುತ್ತಿದ್ದ.

"ಅಂಗಾ. ಅಂಗಾದ್ರೆ ನಿಮ್ಮನೆ ತಾರಸಿ ಮೇಲೆ ಇಟ್ಕೋ ಓಗು," ಅಂತ ಅವಳು ಮುಂದಿನ ಟ್ಯಾಂಕಿಗೆ ಕೈ ಹಾಕುತ್ತಿದ್ದಳು. ಮಾಲೀಕ ಪಂಚಾಕ್ಷರಿಯವರೇ ಬಂದು ಅರ್ಜೆಂಟು ಆರ್ಡರು ಅಂದರೂ ಅವಳ ಸೀಮೆಸುಣ್ಣ ಅಳಿಸುವಂತಿರಲಿಲ್ಲ. ಇಷ್ಟು ಕಟ್ಟುನಿಟ್ಟಿನ ಹೆಂಗಸು ತನ್ನ ಬೀದಿಯಲ್ಲಿ ಏನು ಮಾಡಿಟ್ಟಿದ್ದಳು ಅಂತ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕಾರ್ಖಾನೆ ಬೆಳೆದದ್ದು ಒಂದು ಕಾನೂನಿನಿಂದ. ಮೂವತ್ತು-ನಲವತ್ತರ ಸೈಟಿನಲ್ಲಿ ಹೊಸದಾಗಿ ಮನೆ ಕಟ್ಟುವವರು ತಾರಸಿ ಮೇಲೆ ಸೋಲಾರ್ ಹಾಕಿಸಬೇಕು, ಹಾಕಿಸಿದರೆ ಮಾತ್ರ ಕರೆಂಟಿನ ಮೀಟರು ಅಂತ ಕಡ್ಡಾಯವಾಗಿತ್ತು. ಬೆಳಗ್ಗೆ ಆರಕ್ಕೆ ಇಡೀ ಬೆಂಗಳೂರು ಒಟ್ಟಿಗೇ ಗೀಸರ್ ಹಾಕುತ್ತದಲ್ಲ, ಅದರ ಭಾರ ಹೊರುವುದಕ್ಕೆ ಉತ್ತರದ ಕಡೆಯ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇರಬೇಕು. ಬಿಸಿಲು ಬಿಟ್ಟಿ ಬೀಳುವ ಊರಿಗೆ ಇದೆಂಥ ದಂಡ ಅಂತ ಯೋಚಿಸಿದವರು ಮಾಡಿದ ಕಾನೂನು ಅದು. ಒಂಬತ್ತು ಜನರಿದ್ದ ಶೆಡ್ಡಿನಲ್ಲಿ ಆರು ವರ್ಷದೊಳಗೆ ಅರವತ್ತು ಜನರಾದರು.

ಆ ಅರವತ್ತರಲ್ಲಿ ಗುಳ್ಳೆ ವಿಭಾಗದ ಹನ್ನೊಂದು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆತಂದು ನಿಲ್ಲಿಸಿದವಳು ಮುನಿಯಕ್ಕ. ಎಲ್ಲರೂ ಟಿ. ದಾಸರಹಳ್ಳಿ, ಚೊಕ್ಕಸಂದ್ರದ ಗಲ್ಲಿಗಳವರು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರನ ಬಾಯಿಗೆ ಬಿದ್ದು ಸಾಕಾಗಿ ಹೋಗಿದ್ದವರು, ಗಂಡ ಬಿಟ್ಟುಹೋದವರು, ಗಂಡ ಇದ್ದೂ ಇಲ್ಲದಂತಿದ್ದವರು. ಶಾಂತಿ ಬಂದಾಗ ಅವಳ ಮಗಳು ಇನ್ನೂ ಅಂಬೆಗಾಲಿಡುತ್ತಿತ್ತು. ಇಲ್ಲಿ ಪಿಎಫ್ ಇತ್ತು, ಇಎಸ್‌ಐ ಇತ್ತು, ಮೂತ್ರಕ್ಕೆ ಹೋದರೆ ಗಡಿಯಾರ ನೋಡುವವರಿರಲಿಲ್ಲ. ಮುನಿಯಕ್ಕನಿಗೆ ಆ ಹನ್ನೊಂದು ಜನರ ಕೆಲಸದ ಬಗ್ಗೆ ಇದ್ದ ಕಾಳಜಿ ತನ್ನ ಗಂಡ ಚಿಕ್ಕಮುನಿಯಪ್ಪನ ಬಿಪಿ ಬಗ್ಗೆಯೂ ಇರಲಿಲ್ಲ ಅಂತ ಅವನೇ ದೂರುತ್ತಿದ್ದ.

ಇನ್ನು ಬೀದಿಯ ಕಥೆ. ಅದು ಶುರುವಾದದ್ದು ವೆಂಕಟಮ್ಮನ ಮನೆಯಿಂದ.

ವೆಂಕಟಮ್ಮ ಪಕ್ಕದ ಗಲ್ಲಿಯವಳು, ಮುನಿಯಕ್ಕನಿಗಿಂತ ಎರಡು ವರ್ಷ ಚಿಕ್ಕವಳು, ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಊರಿಗೆ ಬಂದವರು. ಆಗ ಅದು ಊರೇ, ರಾಗಿ ಹೊಲದ ಆಚೆಗೆ ಪೀಣ್ಯದ ಶೆಡ್ಡುಗಳು ಕಾಣುತ್ತಿದ್ದವು. ಗಂಡ ತೀರಿಕೊಂಡ ಮೇಲೆ ವೆಂಕಟಮ್ಮ ಉಳಿದಿದ್ದ ಸೈಟಿನಲ್ಲಿ ಬಾಡಿಗೆಗೆ ಕೊಡಲು ಮೂರಂತಸ್ತು ಎಬ್ಬಿಸಿದಳು. ಟೈಲ್ಸು ಹಾಕುವಷ್ಟರಲ್ಲಿ ಕೈಯಲ್ಲಿದ್ದದ್ದೆಲ್ಲ ಮುಗಿಯಿತು. ಸೋಲಾರ್ ಇಲ್ಲ, ಹಾಗಾಗಿ ಮೀಟರಿಲ್ಲ. ಗೃಹಪ್ರವೇಶಕ್ಕೆ ಎಂಟು ದಿನ.

"ಕಾರ್ಡು ಅಂಚಿಬಿಟ್ಟಿದ್ದೀನಿ ಕಣಕ್ಕಾ," ಅಂತ ವೆಂಕಟಮ್ಮ ಮುನಿಯಕ್ಕನ ಜಗುಲಿ ಮೇಲೆ ಕೂತು ಗೊಳೋ ಅಂತ ಅತ್ತಳು. "ಕತ್ತಲಲ್ಲಿ ಆಲು ಉಕ್ಕಿಸಾನಾ?"

ಮುನಿಯಕ್ಕನಿಗೆ ಯಾರಾದರೂ ಅತ್ತರೆ ಸುಮ್ಮನಿರುವ ಅಭ್ಯಾಸವಿಲ್ಲ. ಕಾರ್ಖಾನೆಯ ಹಿಂಭಾಗದ ಗುಜರಿ ಮೂಲೆಯಲ್ಲಿ ಮೂರು ಸಲ ಬೆಸುಗೆ ಹಾಕಿದರೂ ಗುಳ್ಳೆ ನಿಲ್ಲದ ಒಂದು ಟ್ಯಾಂಕಿತ್ತು, ಅವಳೇ ಅಡ್ಡಗೀಟು ಎಳೆದಿದ್ದು. ಅದಕ್ಕೊಂದು ಹಳೆಯ ಹೊದಿಕೆ ತೊಡಿಸಿ, ಗಾಜು ಸೀಳಿದ ಒಂದು ಫಲಕವನ್ನೂ ಜೊತೆಗಿಟ್ಟುಕೊಂಡು ಪಂಚಾಕ್ಷರಿಯವರ ಹತ್ತಿರ ಗೇಟ್ ಪಾಸಿಗೆ ಹೋದಳು. "ಮನೇಲಿ ನೀರು ತುಂಬಿಡಕ್ಕೆ ಬೇಕಿತ್ತು ಸಾರ್" ಅಂದಳು. ಅವರು ಸಹಿ ಹಾಕಿದರು. ತೂತು ಟ್ಯಾಂಕಿನಲ್ಲಿ ನೀರು ಹೇಗೆ ತುಂಬಿಡುತ್ತೀರಮ್ಮ ಅಂತ ಅವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಟ್ಯಾಂಕು ವೆಂಕಟಮ್ಮನ ತಾರಸಿ ಏರಿತು. ಮೀಟರಿನವರು ಬಂದರು, ತಾರಸಿ ಹತ್ತಿದರು, ಫೋಟೋ ತೆಗೆದುಕೊಂಡು ಇಳಿದರು. ಕೊಳಾಯಿ ತಿರುಗಿಸಿ ನೀರು ಬಿಸಿ ಇದೆಯೋ ಇಲ್ಲವೋ ನೋಡುವುದು ಅವರ ಕೆಲಸದಲ್ಲಿ ಬರೆದಿರಲಿಲ್ಲ. ಮೂರನೇ ದಿನ ಮೀಟರ್ ಬಂತು. ಹಾಲು ಉಕ್ಕಿತು. ಮೊದಲ ತಾಂಬೂಲ ಹೆತ್ತವರಿಗಲ್ಲ, ಪುರೋಹಿತರಿಗಲ್ಲ, ಮುನಿಯಕ್ಕನಿಗೆ ಅಂತ ವೆಂಕಟಮ್ಮ ಹಟ ಹಿಡಿದು ಕೊಟ್ಟಳು.

ಅಲ್ಲಿಗೆ ಮುಗಿಯಿತಾ, ಇಲ್ಲ. ಪಕ್ಕದ ಮನೆ ಮಾರಕ್ಕನೂ ಮನೆ ಕಟ್ಟುತ್ತಿದ್ದಳು. ಅವಳ ತಮ್ಮನೂ ಕಟ್ಟುತ್ತಿದ್ದ. ಆ ಟ್ಯಾಂಕು ಒಂದು ತಾರಸಿಯಿಂದ ಇಳಿದು ಇನ್ನೊಂದಕ್ಕೆ ಹತ್ತಿತು. ಹತ್ತುತ್ತಲೇ ಹೋಯಿತು. ಮೂರು ವರ್ಷದಲ್ಲಿ ನಲವತ್ತು ತಾರಸಿಯಾದರೂ ನೋಡಿರಬೇಕು. ಯಾರ ಹತ್ತಿರವೂ ಅವಳು ಏನೂ ತೆಗೆದುಕೊಳ್ಳಲಿಲ್ಲ, ಮೊದಲ ತಾಂಬೂಲ ಬಿಟ್ಟು. ಅದಂತೂ ಆ ನಾಲ್ಕು ಗಲ್ಲಿಗಳಲ್ಲಿ ಪದ್ಧತಿಯೇ ಆಗಿಹೋಯಿತು. ಅವಳಿಗೆ ಇದು ತಪ್ಪು ಅಂತ ಒಂದು ದಿನವೂ ಅನ್ನಿಸಲಿಲ್ಲ. ದುಡ್ಡಿದ್ದವರು ಕೊಳ್ಳುತ್ತಾರೆ, ಕಾರ್ಖಾನೆ ನಡೆಯುತ್ತದೆ, ಇಲ್ಲದವರಿಗೆ ದೀಪ ಹತ್ತುತ್ತದೆ, ಇದರಲ್ಲಿ ಯಾರ ಗಂಟು ಹೋಯಿತು ಅಂತ ಅವಳ ವಾದ.

ಈಗ ಆಂಜಿನಪ್ಪ. ಆಂಜಿನಪ್ಪ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅದೇ ಬೀದಿಯಲ್ಲಿ ಬೆಳೆದವನು, ಮುನಿಯಕ್ಕನ ಮನೆಯಲ್ಲಿ ಮುದ್ದೆ ಉಂಡವನು. ಕೇಬಲ್ ಟಿವಿ ಎಳೆದ, ನೀರಿನ ಟ್ಯಾಂಕರ್ ಓಡಿಸಿದ, ಆಮೇಲೆ ವಾರ್ಡಿಗೆ ನಿಂತು ಗೆದ್ದ. ಯಾರ ಮನೆಯಲ್ಲಿ ಹೆಣ ಬಿದ್ದರೂ ಮೊದಲು ಬಂದು ನಿಲ್ಲುವವನು ಅವನೇ. ಈಗ ಎಮ್ಮೆಲ್ಲೆ ಟಿಕೆಟ್ಟಿನ ಮೇಲೆ ಕಣ್ಣು. ಜನರ ಬಾಯಲ್ಲಿ ಓಡಾಡುವಂಥ ಒಂದು ವಿಷಯ ಬೇಕಿತ್ತು ಅವನಿಗೆ, ಸಿಕ್ಕಿತು.

"ದೊಡ್ಡೋರ ಅಪಾರ್ಟ್‌ಮೆಂಟಲ್ಲಿ ದಿನವಿಡೀ ಏಸಿ ಓಡ್ತದೆ," ಅಂತ ಅವನು ಸರ್ಕಲ್ಲಿನಲ್ಲಿ ಮೈಕು ಹಿಡಿದು ಕೇಳಿದ. "ಬಡವ ಮನೆ ಕಟ್ಟಿದ್ರೆ ಮಾತ್ರ ಸೋಲಾರ್ ಹಾಕು, ಇಲ್ದಿದ್ರೆ ಕತ್ತಲಲ್ಲಿರು ಅಂತಾರೆ. ಭೂಮಿ ಬಿಸಿ ಆಗ್ತಿರೋದು ನಮ್ಮ ಬಚ್ಚಲ ಹಂಡೆಯಿಂದಾನಾ ಕಣ್ರೀ? ಈ ಕಾನೂನು ಯಾರಿಗೆ ಲಾಭ? ಕಂಪನಿಗಳಿಗೆ. ನಾನು ಗೆದ್ರೆ ಮೊದಲನೇ ಕೆಲಸ ಇದನ್ನ ಕಿತ್ತಾಕೋದು."

ಶಿಳ್ಳೆ ಬಿತ್ತು. ಬೀಳದೇ ಏನು ಮಾಡೀತು, ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಉಳಿದ ಅರ್ಧ ಹೇಳುವುದಕ್ಕೆ ಯಾರಿಗೂ ಮೈಕು ಸಿಕ್ಕಿರಲಿಲ್ಲ. ಅವನು ಎರಡು ಸಲ ಧರಣಿ ಕೂತ ಮೇಲೆ ಸಮಿತಿಯೊಂದು ನೇಮಕವಾಗಿ, ಸಣ್ಣ ಮನೆಗಳಿಗೆ ಈ ಕಡ್ಡಾಯ ಬೇಕೋ ಬೇಡವೋ ಅಂತ ಸ್ಥಳದಲ್ಲೇ ಜನರ ಅಹವಾಲು ಕೇಳುವುದಾಗಿ ಗೊತ್ತಾಯಿತು.

ಮುನಿಯಕ್ಕ ಅವನನ್ನು ತನ್ನ ಜಗುಲಿ ಮೇಲೇ ಹಿಡಿದಳು. ಅವನು ಭಾನುವಾರ ಚಿಕ್ಕಮುನಿಯಪ್ಪನನ್ನು ಮಾತಾಡಿಸಲು ಬಂದಿದ್ದ.

"ಲೋ ಆಂಜಿನಪ್ಪ, ಕಾನೂನು ತೆಗೆಸ್ತೀಯಂತಲ್ಲ. ನಮ್ಮ ಎಣ್ಮಕ್ಕಳು ಎಲ್ಲಿಗೆ ಓಗ್ಬೇಕು?"

"ಅಕ್ಕಾ, ನಿನ್ ಕಾರ್ಖಾನೇಲಿ ಅರವತ್ತು ಜನ. ಇಲ್ಲಿ ಓಟು ಅರವತ್ತು ಸಾವಿರ. ನೀನೇ ಯೋಳು, ನಾನು ಯಾವ ಕಡೆ ನಿಂತ್ಕೊಳ್ಲಿ?" ಅಂದ ಅವನು, ಕಾಫಿ ಲೋಟ ಕೆಳಗಿಡುತ್ತ. ಕೊಂಕಿರಲಿಲ್ಲ ಅವನ ಮಾತಿನಲ್ಲಿ. "ನಿನ್ ಎಣ್ಮಕ್ಕಳನ್ನ ನಾನು ಕೈ ಬಿಡಲ್ಲ. ನೋಡ್ಕೋತೀನಿ ಬಿಡು."

ಅವಳಿಗೆ ಆ 'ನೋಡ್ಕೋತೀನಿ' ಹಿಡಿಸಲಿಲ್ಲ. ಮೂವತ್ತು ವರ್ಷದಿಂದ ಅದನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದಳು.

ಪಂಚಾಕ್ಷರಿಯವರು ಹಾವೇರಿ ಕಡೆಯವರು, ಜಾಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ವಾಸ. ಹಣೆಯ ಮೇಲೆ ವಿಭೂತಿ, ಕಿಸೆಯಲ್ಲಿ ಎರಡು ಪೆನ್ನು, ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಅಹವಾಲಿಗೆ ನಾಲ್ಕು ದಿನವಿದ್ದಾಗ ಅವರು ತೊಟ್ಟಿಯ ಹತ್ತಿರವೇ ಬಂದು ನಿಂತರು.

"ಮುನಿಯಕ್ಕ, ನೀವ ಮಾತಾಡಬೇಕ್ರೀ. ನಾ ಮಾತಾಡಿದ್ರ ಕಂಪನಿ ಮಾಲಕ ತನ್ನ ಹೊಟ್ಟಿ ಸಲುವಾಗಿ ಮಾತಾಡ್ಯಾನ ಅಂತಾರ."

"ನಾನೇನು ಮಾತಾಡ್ಲಿ ಸಾರ್? ನಂಗೆ ಬರೋದು ಗುಳ್ಳೆ ನೋಡಾದು."

ಅವರು ಒಂದು ಹಾಳೆ ಕೊಟ್ಟರು. ಅದರಲ್ಲಿ ಉಷ್ಣಾಂಶ, ಇಂಗಾಲ, ಮೆಗಾವ್ಯಾಟ್ ಅಂತೆಲ್ಲ ಟೈಪು ಮಾಡಿತ್ತು. ಅವಳು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳೇ ಹೊರತು ಓದಲಿಲ್ಲ. ಅವರು ಹೋಗುವ ಮುಂಚೆ ತಮ್ಮ ತಂಗಿಯ ವಿಷಯ ಹೇಳಿದರು. ಕಲ್ಲಿದ್ದಲು ಸ್ಥಾವರದ ಪಕ್ಕದ ಊರಿಗೆ ಕೊಟ್ಟಿದ್ದಾರಂತೆ. ದಿನಾ ಪೂಜೆಗೆ ಬಿಲ್ವಪತ್ರೆ ಕಿತ್ತರೆ ಮೊದಲು ಅದರ ಮೇಲಿನ ಬೂದಿ ಒರೆಸಿ, ಆಮೇಲೆ ಲಿಂಗಕ್ಕೆ ಏರಿಸುತ್ತಾಳಂತೆ. ಮುನಿಯಕ್ಕನಿಗೆ ಹಾಳೆಗಿಂತ ಇದು ಚೆನ್ನಾಗಿ ಅರ್ಥವಾಯಿತು.

ಅಹವಾಲು ನಡೆದದ್ದು ಚೊಕ್ಕಸಂದ್ರದ ಕಲ್ಯಾಣ ಮಂಟಪದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ವಧೂವರರು ಕೂರುವ ವೇದಿಕೆ ಮೇಲೆ ಮೂವರು ಅಧಿಕಾರಿಗಳು, ಮಧ್ಯದಲ್ಲಿ ಕನ್ನಡಕದ ಹಿರಿಯರು. ಕೆಳಗೆ ಮುನ್ನೂರು ಜನ. ಆಂಜಿನಪ್ಪನ ಕಡೆಯವರು ಮುಂದಿನ ಸಾಲುಗಳನ್ನು ಹಿಡಿದಿದ್ದರು. ಗುಳ್ಳೆ ವಿಭಾಗದ ಹೆಂಗಸರು ಕಾರ್ಖಾನೆಯ ನೀಲಿ ಕೋಟು ಹಾಕಿಕೊಂಡು ಗೋಡೆಯ ಪಕ್ಕ ಸಾಲಾಗಿ ಕೂತಿದ್ದರು. ಶಾಂತಿ ಮಗಳನ್ನು ಶಾಲೆಗೆ ಕಳಿಸಿ ಓಡೋಡಿ ಬಂದಿದ್ದಳು.

ಮುನಿಯಕ್ಕ ಎದ್ದಳು. ಮೈಕು ಕೈಗೆ ತೆಗೆದುಕೊಂಡಳು.

"ಸಾರ್, ನಂಗೆ ಭಾಷಣ ಬರಲ್ಲ. ನಮ್ಮನೆ ತಾರಸಿ ಮೇಲೆ ಸೋಲಾರ್ ಐತೆ, ಏಳು ವರ್ಷ ಆಯ್ತು. ಮಳೆಗಾಲದಾಗೆ ನಾಕು ದಿನ ತಣ್ಣೀರು, ಸುಳ್ಳು ಯಾಕೆ ಯೋಳ್ಲಿ. ಮಿಕ್ಕಿದ್ದ ದಿನವೆಲ್ಲ ಬಿಸಿನೀರು, ಬಿಲ್ಲಿಲ್ಲ. ನೀವು ಸ್ವಿಚ್ಚು ಹಾಕಿದ್ರೆ ಇಲ್ಲಿ ಹೊಗೆ ಬರಲ್ಲ, ಅಲ್ಲಿ ಬರ್ತದೆ. ಅಲ್ಲೂ ನಮ್ಮಂಗೆ ಎಣ್ಮಕ್ಕಳವ್ರೆ, ಬೂದಿ ಒರ್ಸಿ ಒರ್ಸಿ ಪೂಜೆ ಮಾಡ್ತವ್ರೆ. ಇನ್ನ ನಮ್ಮ ವಿಷ್ಯ. ಇಗೋ ಇಲ್ಲಿ ಕೂತವ್ರಲ್ಲ, ಅನ್ನೊಂದು ಜನ. ಇವ್ರು ಯಾರ ಮುಂದೂ ಕೈ ಚಾಚದಂಗೆ ಬಾಳ್ತಿರೋದು ಈ ಕೆಲಸದಿಂದ. ದುಡ್ಡಿಲ್ದೋರಿಗೆ ಕಷ್ಟ ಅಂತ ಆಂಜಿನಪ್ಪ ಯೋಳ್ತಾನೆ. ನಿಜ. ಅಂಗಾದ್ರೆ ಕಂತು ಮಾಡ್ಕೊಡಿ, ಸಬ್ಸಿಡಿ ಕೊಡಿ. ಕಾನೂನೇ ತೆಗೀಬ್ಯಾಡಿ."

ಕನ್ನಡಕದ ಅಧಿಕಾರಿ ಪೆನ್ನು ತೆಗೆದು 'ಕಂತು' ಅಂತ ಬರೆದುಕೊಂಡರು. ಹಿಂದಿನ ಸಾಲಿನಲ್ಲಿದ್ದ ಪಂಚಾಕ್ಷರಿಯವರ ಮುಖದಲ್ಲಿ ಮೊದಲ ಸಲ ಕಳೆ ಕಾಣಿಸಿತು. ಮುಂದಿನ ಸಾಲಿನಲ್ಲೂ ಒಬ್ಬರಿಬ್ಬರು ಹೌದೌದು ಅಂತ ತಲೆಯಾಡಿಸಿದ್ದನ್ನು ಆಂಜಿನಪ್ಪ ನೋಡಿದ. ಅವನು ಎದ್ದು ನಿಂತು, "ಅಕ್ಕ ಹೇಳಿದ್ದು ಸರಿ ಸಾರ್, ಆದ್ರೆ ನಮ್ಮ ಜನ..." ಅಂತ ಶುರು ಮಾಡಿದ.

ಅಷ್ಟರಲ್ಲಿ ವೆಂಕಟಮ್ಮ ಎದ್ದಳು. ತನ್ನ ಗೆಳತಿಯ ಮಾತಿಗೆ ಆಂಜಿನಪ್ಪ ಅಡ್ಡ ಬರುತ್ತಿದ್ದಾನೆ ಅಂತ ಅವಳಿಗೆ ರೇಗಿತ್ತು. ಅವಳ ಮನಸ್ಸಿನಲ್ಲಿದ್ದದ್ದು ಒಂದೇ, ಮುನಿಯಕ್ಕ ಎಂಥವಳು ಅಂತ ಈ ದೊಡ್ಡವರಿಗೆ ತಿಳಿಸಬೇಕು. ಮೈಕು ಕೂಡ ಬೇಕಾಗಲಿಲ್ಲ ಅವಳಿಗೆ.

"ನೀನು ಕೂತ್ಕೊಳೋ ಆಂಜಿನಪ್ಪ. ಸಾರ್, ಇವ್ಳ ಮಾತು ನಂಬಿ ಸಾರ್, ಇವ್ಳು ಚಿನ್ನದಂಥೋಳು. ನಮ್ಮನೆ ಗೃಹಪ್ರವೇಶಕ್ಕೆ ಮೀಟ್ರು ಇರ್ಲಿಲ್ಲ, ಸೋಲಾರ್‌ಗೆ ದುಡ್ಡಿರ್ಲಿಲ್ಲ. ಇವ್ಳೇ ಕಂಪನಿಯಿಂದ ಟ್ಯಾಂಕು ತಂದು ತಾರಸಿ ಮೇಲೆ ನಿಲ್ಸಿದ್ಳು. ಪೋಟೋ ಇಡಿದು ಮೀಟ್ರು ಕೊಟ್ಟ ಮೇಲೆ ಇಳಿಸ್ಕಂಡೋಗಿ ಮಾರಕ್ಕಂಗೆ ಕೊಟ್ಳು. ಆಮೇಲೆ ಅವ್ಳ ತಮ್ಮಂಗೆ. ಇಲ್ಲಿ ಕೂತಿರೋ ನಲವತ್ತು ಮನೆಗೆ ದೀಪ ಅಚ್ಚಿದ್ದೇ ಇವ್ಳು ಸಾರ್, ಒಂದೇ ಟ್ಯಾಂಕಲ್ಲಿ. ಒಂದ್ರುಪಾಯಿ ಕೇಳ್ಲಿಲ್ಲ. ಅಂಥೋಳು ಸುಳ್ಳು ಯೋಳ್ತಾಳಾ?"

ಎಲ್ಲೋ ಹಿಂದೆ ಒಬ್ಬ ಕಿಸಕ್ಕೆಂದ. ನಗು ಸಾಲಿನಿಂದ ಸಾಲಿಗೆ ಹತ್ತಿಕೊಂಡು ಇಡೀ ಮಂಟಪ ಬಿದ್ದು ಬಿದ್ದು ನಕ್ಕಿತು. ಮಾರಕ್ಕನೂ ನಕ್ಕಳು, ಅವಳ ತಮ್ಮನೂ ನಕ್ಕ. ಅದರಲ್ಲಿ ಮುನಿಯಕ್ಕನ ಮೇಲಿನ ಪ್ರೀತಿಯೇ ಇತ್ತು, ಬೇರೇನಲ್ಲ. ವೆಂಕಟಮ್ಮ ತನ್ನ ಮಾತು ಗೆದ್ದಿತೆಂದು ಸೆರಗು ಸರಿಪಡಿಸಿಕೊಂಡು ಕೂತಳು. ಆಂಜಿನಪ್ಪ ನಗಲಿಲ್ಲ. ಅವನು ಮುನಿಯಕ್ಕನ ಕಡೆ ಒಮ್ಮೆ ನೋಡಿ, "ನಾನು ಹೇಳೋದು ಏನೂ ಉಳಿದಿಲ್ಲ ಸಾರ್," ಅಂತ ಕೂತುಬಿಟ್ಟ.

"ಇದು ನಿಜವೇನಮ್ಮಾ?" ಅಂತ ಕನ್ನಡಕದವರು ಕೇಳಿದರು.

ಇಲ್ಲ ಅನ್ನಬಹುದಿತ್ತು. ವೆಂಕಟಮ್ಮನಿಗೆ ಮರೆವು, ಏನೋ ಹೇಳುತ್ತಾಳೆ ಅನ್ನಬಹುದಿತ್ತು. ಮುನಿಯಕ್ಕ ಗೋಡೆ ಪಕ್ಕದ ನೀಲಿ ಕೋಟುಗಳ ಕಡೆ ನೋಡಿದಳು. ಹನ್ನೊಂದು ಜನರೂ ತಲೆ ತಗ್ಗಿಸಿದ್ದರು. ಅವಳಿಗೆ ನಾಚಿಕೆಯಾಯಿತು. ಆದರೆ ಇಪ್ಪತ್ತು ವರ್ಷ ಗುಳ್ಳೆ ಕಂಡಾಗ ಕಂಡೆ ಅಂದ ಬಾಯಿ ಅದು.

"ನಿಜ ಸಾರ್."

"ಆ ಟ್ಯಾಂಕಿನಲ್ಲಿ ನೀರು ಕಾಯುತ್ತಿತ್ತೇ?"

"ಇಲ್ಲ ಸಾರ್. ಅದು ತೂತು. ನಾನೇ ರಿಜೆಕ್ಟ್ ಮಾಡಿದ್ದು."

ಅಧಿಕಾರಿ ಅದನ್ನೂ ಬರೆದುಕೊಂಡರು.

ಎರಡು ತಿಂಗಳಿಗೆ ಆದೇಶ ಬಂತು. ತೋರಿಕೆಗೆ ಮಾತ್ರ ಪಾಲನೆಯಾಗುತ್ತಿರುವ ನಿಯಮದಿಂದ ಸಾರ್ವಜನಿಕರಿಗೆ ತೊಂದರೆಯೇ ಹೊರತು ಪ್ರಯೋಜನ ಕಂಡುಬಂದಿಲ್ಲವಾದ್ದರಿಂದ, ಸಣ್ಣ ಸೈಟಿನ ಮನೆಗಳಿಗೆ ಸೋಲಾರ್ ಕಡ್ಡಾಯವಲ್ಲ ಅಂತ ಅದರ ಸಾರಾಂಶ. ಸರ್ಕಲ್ಲಿನಲ್ಲಿ ಪಟಾಕಿ ಹೊಡೆದರು. ಆಂಜಿನಪ್ಪ ಕೈ ಮುಗಿದು ನಿಂತ ಫ್ಲೆಕ್ಸುಗಳು ದಾಸರಹಳ್ಳಿಯಿಂದ ಎಂಟನೇ ಮೈಲಿವರೆಗೆ ಎದ್ದವು. ಅವನಿಗೆ ಟಿಕೆಟ್ಟೂ ಸಿಕ್ಕಿತು.

ಮುನಿಯಕ್ಕ ಪಂಚಾಕ್ಷರಿಯವರ ಟೇಬಲ್ಲಿನ ಮುಂದೆ ಹೋಗಿ ನಿಂತಳು. ಬೈಯಲಿ ಅಂತಲೇ ಹೋದದ್ದು.

"ಸಾರ್, ನನ್ನಿಂದ ಆಯ್ತು."

"ನಿಮ್ಮೊಬ್ಬರಿಂದ ಅಲ್ರೀ," ಅಂದರು ಅವರು. "ತೂತು ಟ್ಯಾಂಕಿಗೆ ಸಹಿ ಮಾಡಿದ್ದು ನಾ. ನೀರು ತುಂಬಾಕ ಅಂದ್ರಿ. ನನಗ ತಿಳೀಲಿಲ್ಲೇನು? ಕಾನೂನು ಅದ ಅಂದಮ್ಯಾಗ ಆರ್ಡರು ಬರ್ತಾವ, ನಲವತ್ತು ಮನಿ ಹೋದ್ರ ಹೋಗಲಿ ಅಂತ ಬಿಟ್ಟೆ. ಜನಕ್ಕ ಬಿಸಿನೀರಿನ ರುಚಿ ಹತ್ತಿಸೋದು ಬಿಟ್ಟು ಮೀಟರಿನ ಹೆದರಿಕಿ ಮ್ಯಾಲೆ ಧಂದೆ ಮಾಡಿದ್ವಿ. ಹೆದರಿಕಿ ಹೋತು, ಧಂದೆ ಹೋತು."

ಆರು ತಿಂಗಳಲ್ಲಿ ಆರ್ಡರು ನೆಲ ಕಚ್ಚಿತು. ಬೆಸುಗೆಯವರಲ್ಲಿ ಅರ್ಧ ಜನ ಹೋದರು. ನರೇಶ ಮಾರತ್ತಹಳ್ಳಿ ಕಡೆ ಯಾವುದೋ ಮಾಲ್‌ನಲ್ಲಿ ಕಂಬಿ ಬೆಸೆಯಲು ಹೋದ. ದಿನಕ್ಕೆ ನಾಲ್ಕು ಟ್ಯಾಂಕು ಬರುವ ತೊಟ್ಟಿಗೆ ಹನ್ನೆರಡು ಜೊತೆ ಕಣ್ಣು ಯಾಕೆ ಬೇಕು? ಪಂಚಾಕ್ಷರಿಯವರು ಮುನಿಯಕ್ಕನೊಬ್ಬಳನ್ನು ಉಳಿಸಿಕೊಂಡರು. ಅವಳು ತನ್ನ ಬದಲು ಶಾಂತಿಯನ್ನು ಇಟ್ಟುಕೊಳ್ಳಿ ಅಂತ ಕೇಳಲು ಬಾಗಿಲವರೆಗೆ ಹೋದಳು, ಚಿಕ್ಕಮುನಿಯಪ್ಪನ ಮಾತ್ರೆಗಳನ್ನು ನೆನೆದು ಹಿಂದಕ್ಕೆ ಬಂದಳು. ಹಾಗೆ ಹಿಂದಕ್ಕೆ ಬಂದದ್ದಕ್ಕೆ ಅವಳು ತನ್ನನ್ನು ತಾನೇ ಇವತ್ತಿಗೂ ಕ್ಷಮಿಸಿಲ್ಲ.

ಆಂಜಿನಪ್ಪ ಮಾತು ತಪ್ಪಲಿಲ್ಲ, ಅದನ್ನೂ ಹೇಳಬೇಕು. ಎಲೆಕ್ಷನ್ನಿಗೆ ಮನೆಮನೆಗೆ ನೀರು ಕಾಯಿಸುವ ಕರೆಂಟ್ ಕಾಯಿಲ್ ಹಂಚುವ ಯೋಜನೆ ಅವನದು. ಡಬ್ಬಿಯ ಮೇಲೆ ಅವನ ಫೋಟೋ ಅಂಟಿಸಿ, ಕಾಯಿಲ್ ಇಟ್ಟು ಮುಚ್ಚುವುದಕ್ಕೆ ಒಂದು ಗೋಡೌನ್ ಹಿಡಿದು, ಹನ್ನೊಂದು ಜನರನ್ನೂ ಕರೆಸಿಕೊಂಡ. ದಿನಗೂಲಿ ಕಾರ್ಖಾನೆಗಿಂತ ಜಾಸ್ತಿಯೇ ಇತ್ತು, ಮಧ್ಯಾಹ್ನ ಬಿರಿಯಾನಿ ಬೇರೆ. ಹೆಂಗಸರು ಖುಷಿಯಿಂದಲೇ ಹೋದರು. ಮುನಿಯಕ್ಕನೇ ಹೋಗಿ ಅಂದಳು, ಬೇರೆ ಏನು ಅನ್ನಲು ಸಾಧ್ಯವಿತ್ತು? ಎರಡು ತಿಂಗಳು ನಡೆಯಿತು. ಮತದಾನದ ಮಾರನೇ ದಿನ ಗೋಡೌನಿಗೆ ಬೀಗ ಬಿತ್ತು. ಆಂಜಿನಪ್ಪ ಗೆದ್ದು ವಿಧಾನಸೌಧದ ಕಡೆ ಹೋದ.

ಅದಾದ ವಾರಕ್ಕೆ, ಒಂದು ಸೋಮವಾರ ಬೆಳಗ್ಗೆ, ಮುನಿಯಕ್ಕ ಟಿಫಿನ್ ಡಬ್ಬಿ ಹಿಡಿದು ಬಾಗಿಲು ತೆಗೆದರೆ ಹನ್ನೊಂದು ಜನರೂ ಗೇಟಿನ ಹೊರಗೆ ನಿಂತಿದ್ದರು. ಜಗಳಕ್ಕೆ ಬಂದವರ ಮುಖ ಅಲ್ಲ. ಕೆಲಸ ಕೊಡಿಸಿದವಳು ಇವಳೇ, ಹಾಗಾಗಿ ಇವಳನ್ನೇ ಕೇಳಬೇಕು ಅಂತ ಬಂದವರು.

"ಇನ್ ಎಲ್ಲಿಗೆ ಓಗಾಣ ಅಕ್ಕಾ?" ಅಂದಳು ಶಾಂತಿ.

ಮುನಿಯಕ್ಕ ಆ ದಿನ ರಜೆ ಹಾಕಿದಳು. ಅವಳ ತಲೆಯಲ್ಲಿ ಒಂದು ಯೋಚನೆ ಕೆಲವು ದಿನಗಳಿಂದ ಸುಳಿಯುತ್ತಿತ್ತು. ಮೀಟರು ಕೊಡಿಸಿದ ನಲವತ್ತು ಮನೆಗಳಿವೆ, ಎಲ್ಲರೂ ಈಗ ಬಾಡಿಗೆ ತಿನ್ನುತ್ತಿದ್ದಾರೆ, ಎಲ್ಲರೂ ತನ್ನ ಮಾತು ಮೀರದವರು. ಒಬ್ಬೊಬ್ಬರೂ ಒಂದೊಂದು ಒಳ್ಳೆಯ ಸೋಲಾರ್ ಹಾಕಿಸಿದರೆ ನಲವತ್ತು ಆರ್ಡರು. ಪಂಚಾಕ್ಷರಿಯವರು ಕಂತಿಗೆ ಒಪ್ಪಿಯೇ ಒಪ್ಪುತ್ತಾರೆ. ತೊಟ್ಟಿಯ ಸುತ್ತ ಮತ್ತೆ ನಾಲ್ಕೈದು ಜನರಾದರೂ ನಿಲ್ಲಬಹುದು. ಉಳಿದವರನ್ನು ಮನೆಗೆ ಕಳಿಸಿ ಶಾಂತಿಯನ್ನು ಮಾತ್ರ ಜೊತೆಗೆ ಕರೆದುಕೊಂಡು ಸೀದಾ ವೆಂಕಟಮ್ಮನ ಮನೆಗೆ ನಡೆದಳು.

ವೆಂಕಟಮ್ಮ ಇಬ್ಬರನ್ನೂ ಒಳಗೆ ಕೂರಿಸಿ ಕಾಫಿ ಕೊಟ್ಟಳು. ಮುನಿಯಕ್ಕ ಹೇಳಿದ್ದನ್ನು ಪೂರ್ತಿ ಕೇಳಿದಳು. ಕೇಳಿ, ನಿಜವಾಗಿಯೂ ಅರ್ಥವಾಗದವಳ ಹಾಗೆ ಹುಬ್ಬು ಗಂಟಿಕ್ಕಿದಳು.

"ಈಗ್ಯಾಕಕ್ಕಾ? ಮೀಟ್ರು ಬಂದು ಐದು ವರ್ಷ ಆಯ್ತಲ್ಲ."

"ಮೀಟ್ರಿಗಲ್ಲ ಕಣೆ. ನೀರು ಕಾಯಿಸ್ಕಳಕ್ಕೆ. ಕರೆಂಟ್ ಬಿಲ್ಲು ಉಳೀತದೆ."

"ಬಿಲ್ಲು ಬಾಡಿಗೆಯೋರು ಕಟ್ಕೋತಾರೆ, ನಂಗೇನು ನಷ್ಟ?" ವೆಂಕಟಮ್ಮನಿಗೆ ಗೆಳತಿಗೆ ಇಲ್ಲ ಅನ್ನುವುದು ಕಷ್ಟವಾಗುತ್ತಿತ್ತು, ಅವಳ ದನಿಯಲ್ಲೇ ಅದು ಗೊತ್ತಾಗುತ್ತಿತ್ತು. ಮುನಿಯಕ್ಕನ ಕೈ ಹಿಡಿದುಕೊಂಡು ಹೇಳಿದಳು, "ನಿನ್ ಮುಂದೆ ಸುಳ್ಳು ಯಾಕಕ್ಕಾ. ಆವತ್ತು ನೀನು ಟ್ಯಾಂಕು ತರದೇ ಇದ್ದಿದ್ರೆ, ಮನೆ ಮುಗಿಸ್ಬೇಕಲ್ಲ ಅಂತ ಎಲ್ಲೋ ಸಾಲ ಮಾಡಿ ಆಕಿಸಿಬಿಡ್ತಿದ್ದೆ. ಈ ಒತ್ಗೆ ಅದು ತೀರೇ ಓಗ್ತಿತ್ತು. ಎಲ್ರೂ ಆಕಿಸ್ತಿದ್ರು. ಈಗ ಅದಿಲ್ದೇನೇ ಬಾಳಾಟ ನಡೀತಾ ಐತಲ್ಲ."

ಮುನಿಯಕ್ಕ ಕಾಫಿ ಲೋಟವನ್ನು ನೆಲದ ಮೇಲಿಟ್ಟಳು. ಸೋಲಾರ್ ಅಂದರೆ ಫೋಟೋ ತೆಗೆಸಿಕೊಳ್ಳುವ ಸಾಮಾನು ಅಂತ ಈ ಬೀದಿಗೆ ಕಲಿಸಿದವಳು ತಾನೇ ಅಂತ ಅವಳಿಗೆ ಆಗ ಸ್ಪಷ್ಟವಾಗಿ ಗೊತ್ತಾಯಿತು. ಆಂಜಿನಪ್ಪ ಮಾಡಿದ್ದು ಇಷ್ಟೇ, ತಾನು ಹಿಂಬಾಗಿಲಿನಿಂದ ಕೊಟ್ಟದ್ದನ್ನು ಅವನು ಮುಂಬಾಗಿಲಿನಿಂದ ಕೊಟ್ಟ, ಫ್ಲೆಕ್ಸು ಕಟ್ಟಿಸಿ. ಇಬ್ಬರನ್ನೂ ಜನ ಹರಸಿದರು.

ಹೊರಗೆ ಮೆಟ್ಟಿಲ ಮೇಲೆ ಅವಳು ನಿಂತುಬಿಟ್ಟಳು. ಶಾಂತಿಯ ಮುಖ ನೋಡಲು ಧೈರ್ಯ ಬರಲಿಲ್ಲ.

"ನಿಂಗೆ ಕೆಲಸ ಕೊಡಿಸ್ದೋಳು ನಾನು. ಕಳೆದೋಳೂ ನಾನೇ ಕಣೆ ಶಾಂತಿ," ಅಂದಳು.

ಅಲ್ಲ ಅಕ್ಕಾ ಅಂತ ಸಮಾಧಾನ ಹೇಳುವ ಸುಳ್ಳು ಶಾಂತಿಗೆ ಬರಲಿಲ್ಲ.

"ಅದನ್ನ ನೀನೊಬ್ಳೇ ಒತ್ಕಂಡು ತಿರುಗ್ಬ್ಯಾಡ," ಅಂದಳು. "ಮಾರಕ್ಕನ ಮನೆ ಮೆಟ್ಲಲ್ಲಿ ನಾನು ಟ್ಯಾಂಕಿನ ಒಂದು ಕಡೆ ಇಡಿದಿದ್ದೆ. ಅವಳ ತಮ್ಮನ ಮನೆಗೆ ಗಾಜು ಒತ್ಕಂಡೋಗಿದ್ದೋಳೂ ನಾನೇ. ಭಾನುವಾರ ಭಾನುವಾರ ನಾವೆಲ್ಲ ಸೇರಿ ನಗ್ತಾ ನಗ್ತಾ ಮೇಲಕ್ಕೆ ಅತ್ತಿಸ್ತಿದ್ವಿ ಅಕ್ಕಾ. ನಮ್ಮ ಕೆಲಸಾನ ನಾವೇ ಒತ್ಕಂಡು ಓಗ್ತಾ ಇದೀವಿ ಅಂತ ಒಬ್ಳಿಗೂ ಒಳೀಲಿಲ್ಲ."

ಮುನಿಯಕ್ಕ ಅವಳ ಭುಜ ಹಿಡಿದು ಮೆಟ್ಟಿಲಿಳಿದಳು. ಮುಂದಿನದು ಮಾರಕ್ಕನ ಮನೆ, ಗೇಟು ತೆರೆದೇ ಇತ್ತು. ಅಲ್ಲೂ ಇದೇ ಮಾತು ಕೇಳಬೇಕಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಹೋದರು.